ಮಲಗಿದ್ದಲ್ಲೇ ಮನೆ ತಿರುಗಿದರೆ

ಪ್ರಶ್ನೆ: ನನ್ನ ಯಜಮಾನರಿಗೆ 49 ವರ್ಷ. ಮನೆ ಮುಲುಂಡಿನಲ್ಲಿ, ಅವರ ಕೆಲಸ ಫೋರ್ಟಿನಲ್ಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಜುಲೈ ಮಳೆಯಲ್ಲಿ ನೆನೆದು ಒಂದು ವಾರ ನೆಗಡಿ ಆಗಿತ್ತು. ಅದು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದವರು ಹಾಗೇ ಕುಸಿದು ಕೂತರು. ಫ್ಯಾನು, ಕಪಾಟು, ಗೋಡೆ ಎಲ್ಲ ಒಂದೇ ಕಡೆಗೆ ತಿರುಗುತ್ತಿವೆ ಎಂದರು. ಕಣ್ಣು ಮುಚ್ಚಿದರೂ ನಿಲ್ಲಲಿಲ್ಲ. ಹಳದಿ ನೀರು ಬರುವ ತನಕ ವಾಂತಿ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸಲೈನ್ ಹಾಕಿ, ಸಿಟಿ ಸ್ಕ್ಯಾನ್ ಮಾಡಿಸಿ, ಎಲ್ಲ ನಾರ್ಮಲ್, ಕತ್ತಿನ ಸ್ಪಾಂಡಿಲೋಸಿಸ್ ಇರಬೇಕು ಎಂದು ಕಾಲರ್ ಬರೆದುಕೊಟ್ಟು ಕಳುಹಿಸಿದರು. ಮಾರನೆಯ ದಿನವೂ ಇಳಿಯದಿದ್ದಾಗ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಇಎನ್‌ಟಿ ಡಾಕ್ಟರು ಕಣ್ಣು ನೋಡಿ, ತಲೆಯನ್ನು ಎರಡೂ ಕಡೆಗೆ ಝಟ್ಟನೆ ತಿರುಗಿಸಿ, ಇದು ಬಲಗಿವಿಯ ನರದ ತೊಂದರೆ, ವೆಸ್ಟಿಬ್ಯುಲರ್ ನ್ಯೂರೈಟಿಸ್ ಎಂದರು. ಆಮೇಲೆ ಮಾಡಿಸಿದ ಎಂಆರ್‌ಐಯಲ್ಲೂ ಏನೂ ಇರಲಿಲ್ಲ. ಈಗ ಮೂರು ವಾರವಾಯಿತು. ತಿರುಗುವುದು ನಿಂತಿದೆ. ಆದರೆ ನಡೆಯುವಾಗ ಬಲಕ್ಕೆ ವಾಲುತ್ತಾರೆ, ತಲೆ ಹೊರಳಿಸಿದರೆ ಕಣ್ಣು ಮಂಜಾಗುತ್ತದೆ, ಟ್ರೇನ್ ಎಂದರೆ ಹೆದರಿಕೆ. ಇದು ಪಾರ್ಶ್ವವಾಯುವಿನ ಮುನ್ಸೂಚನೆಯೇ? ತಲೆಸುತ್ತಿನ ಮಾತ್ರೆ ಎಷ್ಟು ದಿನ ನುಂಗಬೇಕು? ಮತ್ತೆ ಬರುತ್ತದೆಯೇ? ಚೌತಿಗೆ ಊರಿಗೆ ಹೋಗಲು ಮತ್ಸ್ಯಗಂಧದಲ್ಲಿ ಟಿಕೇಟು ಮಾಡಿಸಿದ್ದೇವೆ, ಹೋಗಬಹುದೇ?
— ಓದುಗರೊಬ್ಬರು, ಮುಲುಂಡ್

ಉತ್ತರ: ಭಯದ ಪ್ರಶ್ನೆಯನ್ನೇ ಮೊದಲು ಮುಗಿಸೋಣ. ಇದು ಪಾರ್ಶ್ವವಾಯುವಿನ ಮುನ್ಸೂಚನೆ ಅಲ್ಲ. ಆದರೆ ಆ ಮೊದಲ ದಿನ ಅದು ಪಾರ್ಶ್ವವಾಯುವೇ ಆಗಿರಬಹುದಿತ್ತು, ಹಾಗಾಗಿ ನೀವು ಹೆದರಿದ್ದರಲ್ಲಿ ತಪ್ಪೇನಿಲ್ಲ. ಐವತ್ತರ ಅಂಚಿನ ವಯಸ್ಸು, ಸಕ್ಕರೆ ಕಾಯಿಲೆ, ಇದ್ದಕ್ಕಿದ್ದಂತೆ ಬಂದು ನಿಲ್ಲದ ತಲೆಸುತ್ತು ಇವು ಕೂಡಿದಾಗ ಕಿವಿಯದೋ ಕತ್ತಿನದೋ ಎಂದು ಊಹಿಸಿ ಮನೆಗೆ ಕಳುಹಿಸುವಂತಿಲ್ಲ. ಕಿರುಮೆದುಳಿಗೆ, ಮೆದುಳುಕಾಂಡಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೂ ಮನೆ ಹೀಗೆಯೇ ತಿರುಗುತ್ತದೆ, ವಾಂತಿ ಹೀಗೆಯೇ ಆಗುತ್ತದೆ. ಆ ಭಾಗದ ಹೊಸ ಪೆಟ್ಟು ಸಿಟಿ ಸ್ಕ್ಯಾನಿನಲ್ಲಿ ಬಹಳ ಸಲ ಕಾಣುವುದೇ ಇಲ್ಲ. ರಕ್ತಸ್ರಾವವಾಗಿದ್ದರೆ ಅದು ತೋರಿಸುತ್ತದೆ. ನಾಳ ಕಟ್ಟಿದ್ದನ್ನು ಮೊದಲ ಗಂಟೆಗಳಲ್ಲಿ ತೋರಿಸುವ ಭರವಸೆ ಇಲ್ಲ. ಎಂಆರ್‌ಐ ಕೂಡ ಮೊದಲ ಒಂದೆರಡು ದಿನ ಮೋಸ ಮಾಡುವುದುಂಟು.

ಹಾಗಿದ್ದರೆ ನಿಮ್ಮ ಇಎನ್‌ಟಿ ಡಾಕ್ಟರು ತಲೆ ಹಿಡಿದು ಝಟ್ಟನೆ ತಿರುಗಿಸಿಯೇ ಕಾಯಿಲೆಯ ಹೆಸರು ಹೇಳಿದ್ದು ಹೇಗೆ? ಅದು ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಪರೀಕ್ಷೆ. ಸಿಡ್ನಿಯ ಹಲ್ಮಾಗಿ ಮತ್ತು ಕರ್ತಾಯ್ಸ್ ಎಂಬ ಇಬ್ಬರು 1988ರಲ್ಲಿ ಇದನ್ನು ವಿವರಿಸಿದರು. ಯಂತ್ರ ಬೇಡ, ಕರೆಂಟು ಬೇಡ. ರೋಗಿ ವೈದ್ಯರ ಮೂಗನ್ನೇ ನೋಡುತ್ತಿರಬೇಕು. ವೈದ್ಯರು ರೋಗಿಯ ತಲೆಯನ್ನು ಸ್ವಲ್ಪವೇ, ಆದರೆ ತಟಕ್ಕನೆ, ಒಂದು ಬದಿಗೆ ತಿರುಗಿಸುತ್ತಾರೆ. ಒಳಕಿವಿ ಸರಿ ಇದ್ದರೆ ಕಣ್ಣು ಮೂಗಿನ ಮೇಲಿಂದ ಕದಲುವುದಿಲ್ಲ. ಆ ಬದಿಯ ನರ ಕೆಲಸ ಬಿಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಹೋಗಿ, ಮರುಕ್ಷಣ ಮೂಗಿಗೆ ಹಾರಿ ಬರುತ್ತದೆ. ಆ ಚಿಕ್ಕ ಹಾರಾಟವನ್ನು ಪಳಗಿದ ಕಣ್ಣು ಹಿಡಿಯುತ್ತದೆ.

ತಮಾಷೆ ಎಂದರೆ ಇಲ್ಲಿ ಲೆಕ್ಕ ತಿರುವುಮುರುವು. ದಿನವಿಡೀ ನಿಲ್ಲದೆ ತಿರುಗುತ್ತಿರುವ ರೋಗಿಯಲ್ಲಿ ಈ ಪರೀಕ್ಷೆ ಕೆಟ್ಟು ಬಂದರೆ ವೈದ್ಯರಿಗೆ ಸಮಾಧಾನ, ಏಕೆಂದರೆ ದೋಷ ಕಿವಿಯ ನರದಲ್ಲಿದೆ ಎಂದಾಯಿತು. ಚೆನ್ನಾಗಿ ಬಂದರೆ ಗಾಬರಿ. ಕಿವಿ, ನರ ಎರಡೂ ಸರಿ ಇದ್ದೂ ಮನೆ ತಿರುಗುತ್ತಿದೆ ಎಂದರೆ ಪೆಟ್ಟು ಮೆದುಳಿಗೇ ಬಿದ್ದಿರಬಹುದು. ಇದರ ಜೊತೆಗೆ ಕಣ್ಣುಗುಡ್ಡೆ ಯಾವ ಕಡೆಗೆ ಮಿಡಿಯುತ್ತದೆ, ಎಡಕ್ಕೆ ಬಲಕ್ಕೆ ನೋಡಿದಾಗ ಆ ದಿಕ್ಕು ಬದಲಾಗುತ್ತದೆಯೇ, ಒಂದೊಂದೇ ಕಣ್ಣು ಮುಚ್ಚಿ ತೆಗೆದರೆ ಗುಡ್ಡೆ ಮೇಲೆ ಕೆಳಗೆ ಜಾರುತ್ತದೆಯೇ ಎಂಬುದನ್ನೂ ನೋಡುತ್ತಾರೆ. ಈ ಮೂರನ್ನೂ ಕೂಡಿಸಿ 101 ರೋಗಿಗಳಲ್ಲಿ ನಡೆಸಿದ ಒಂದು ಅಮೆರಿಕನ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೊದಲ ಎಂಆರ್‌ಐ ತಪ್ಪಿಸಿಕೊಂಡಿದ್ದ ಪಾರ್ಶ್ವವಾಯುಗಳನ್ನೂ ಈ ಹಾಸಿಗೆಬದಿಯ ಪರೀಕ್ಷೆ ಹಿಡಿದಿತ್ತು. ಆದರೆ ಇದು ಪಳಗಿದವರ ಕೈಯಲ್ಲಿ ಮಾತ್ರ ನಂಬಿಕೆಗೆ ಅರ್ಹ. ಮನೆಯಲ್ಲಿ ಯಾರೂ ಯಾರ ಕತ್ತನ್ನೂ ತಿರುಗಿಸಲು ಹೋಗಬೇಡಿ.

ಈಗ ಒಳಗೆ ಏನಾಯಿತು ಎಂಬುದು. ನಮ್ಮ ಎರಡೂ ಒಳಕಿವಿಗಳಲ್ಲಿ ಕೇಳುವ ಶಂಖದ ಪಕ್ಕದಲ್ಲೇ ಮೂರು ಮೂರು ಅರೆವೃತ್ತದ ನಾಳಗಳಿವೆ, ತಲೆ ಯಾವ ಕಡೆಗೆ ಎಷ್ಟು ತಿರುಗಿತು ಎಂದು ಅಳೆಯುವವು ಅವು. ಸುಮ್ಮನೆ ಕೂತಾಗಲೂ ಎರಡೂ ಕಡೆಯ ನರಗಳು ಮೆದುಳಿಗೆ ಒಂದೇ ಸಮನೆ ಸಂಕೇತ ಕಳುಹಿಸುತ್ತಿರುತ್ತವೆ. ಬಲಕ್ಕೆ ತಿರುಗಿದರೆ ಬಲಗಡೆಯದು ಏರುತ್ತದೆ, ಎಡಗಡೆಯದು ಇಳಿಯುತ್ತದೆ. ಮೆದುಳು ಓದುವುದು ಆ ವ್ಯತ್ಯಾಸವನ್ನು. ಉಳುವ ಜೋಡಿಯಲ್ಲಿ ಒಂದು ಎತ್ತು ನಿಂತುಬಿಟ್ಟರೆ ಇನ್ನೊಂದು ನೊಗವನ್ನು ಸುತ್ತಿಸುತ್ತದಲ್ಲ, ಹಾಗೆ ನಿಮ್ಮ ಯಜಮಾನರ ಬಲಗಡೆಯ ನರ ಮೌನವಾದ ಕೂಡಲೇ ಎಡಗಡೆಯದೊಂದೇ ಮಾತಾಡತೊಡಗಿತು. ಅವರು ಮಿಸುಕಾಡದೆ ಮಲಗಿದ್ದರು, ಮೆದುಳಿಗೆ ಮಾತ್ರ ಎಡಕ್ಕೆ ಗಿರಗಿರನೆ ತಿರುಗುತ್ತಿದ್ದಾರೆ ಎಂಬ ಸುದ್ದಿ. ಕಣ್ಣುಗಳು ಆ ಸುಳ್ಳು ಸುದ್ದಿಯನ್ನು ನಂಬಿ ಬಲಕ್ಕೆ ಜಾರಿ ಎಡಕ್ಕೆ ಮಿಡಿಯುತ್ತವೆ. ಅದಕ್ಕೇ ಕೋಣೆ ಓಡುವುದು. ಕಣ್ಣು ಮುಚ್ಚಿದರೂ ಸುತ್ತು ನಿಲ್ಲದೇ ಇದ್ದದ್ದೂ ಅದಕ್ಕೇ, ಸುಳ್ಳು ಹೇಳುತ್ತಿರುವುದು ಕಣ್ಣಲ್ಲವಲ್ಲ.

ಹಳದಿ ನೀರು ವಾಂತಿಯಾದಾಗ ನಿಮ್ಮ ಮನೆಯಲ್ಲಿ ಯಾರಾದರೂ 'ಪಿತ್ತ ನೆತ್ತಿಗೇರಿದೆ' ಎಂದಿರುತ್ತಾರೆ. ಹೊಟ್ಟೆ ಖಾಲಿಯಾದ ಮೇಲೂ ವಾಂತಿ ನಿಲ್ಲದಿದ್ದರೆ ಕೊನೆಗೆ ಬರುವುದು ಪಿತ್ತವೇ. ಅದು ಕಾಯಿಲೆಯ ಫಲ, ಮೂಲವಲ್ಲ. ನಿಂಬೆಹಣ್ಣು ಮೂಸಿದರೆ, ಶುಂಠಿ ಚೀಪಿದರೆ ಸ್ವಲ್ಪ ಹಿತವಾಗಬಹುದು, ನನ್ನ ತಕರಾರಿಲ್ಲ. ಗ್ಯಾಸ್ ಎಂದು ಸೋಡಾ ಕುಡಿಸಿ ಮಧ್ಯಾಹ್ನದವರೆಗೆ ಕಾಯುವುದಕ್ಕೆ ಮಾತ್ರ ತಕರಾರಿದೆ.

ನರಕ್ಕೆ ಇದು ಯಾಕೆ ಬಂತು? ಬಹುಶಃ ವೈರಸ್. ಜ್ವರ ಬಂದು ಬಿಡುವಾಗ ಕೆಲವರಿಗೆ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದೆ. ಅದಕ್ಕೆ ಕಾರಣವಾದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಕುರುಹು ಸಮತೋಲನದ ನರದ ಗಂಟಿನಲ್ಲೂ ಮರಣೋತ್ತರ ಪರೀಕ್ಷೆಗಳಲ್ಲಿ ಸಿಕ್ಕಿದೆ. ಎಳೆತನದಲ್ಲಿ ಮೈಸೇರಿದ ವೈರಸ್ ವರ್ಷಗಟ್ಟಲೆ ಅಲ್ಲಿ ಮಲಗಿದ್ದು, ಯಾವಾಗಲೋ ಎದ್ದು ನರವನ್ನು ಊದಿಸುತ್ತದೆ ಎಂಬುದು ಈಗ ಬಹುಪಾಲು ತಜ್ಞರು ಒಪ್ಪುವ ವಿವರಣೆ. ನೆಗಡಿ, ಫ್ಲೂ ಬಂದುಹೋದ ಬೆನ್ನಿಗೆ ಇದು ಕಾಣಿಸಿಕೊಂಡ ಎಷ್ಟೋ ಉದಾಹರಣೆಗಳಿವೆ, ನಿಮ್ಮದೂ ಅಂಥದೇ. ಆದರೆ ಮಳೆಯಲ್ಲಿ ನೆನೆದದ್ದರಿಂದಲೇ ಬಂತು ಎಂದು ಅವರನ್ನು ಬಯ್ಯಬೇಡಿ. ಜುಲೈ ತಿಂಗಳಲ್ಲಿ ನೆನೆಯದೆ ಫೋರ್ಟಿಗೆ ಹೋಗಿ ಬರುವವರು ಯಾರಿದ್ದಾರೆ?

ಈ ನರಕ್ಕೆ ಮೇಲಿನದು, ಕೆಳಗಿನದು ಎಂದು ಎರಡು ಕವಲು. ಮೇಲಿನ ಕವಲು ಹಾದುಹೋಗುವ ಮೂಳೆಯ ಕೊಳವೆ ಉದ್ದ, ಇಕ್ಕಟ್ಟು. ಊದಿದರೆ ಹಿಗ್ಗಲು ಜಾಗವಿಲ್ಲ. ಹೆಚ್ಚಿನ ಸಲ ಪೆಟ್ಟು ತಿನ್ನುವುದು ಅದೇ. ಕೇಳುವ ನರ ಪಕ್ಕದಲ್ಲೇ ಇದ್ದರೂ ಬೇರೆಯದಾದ್ದರಿಂದ ಕಿವಿ ಮಂದವಾಗುವುದಿಲ್ಲ. ತಲೆಸುತ್ತಿನ ಜೊತೆ ಕಿವಿಯೂ ತಟ್ಟನೆ ಕೇಳಿಸದಾದರೆ ಅದು ಬೇರೆ ಕಾಯಿಲೆ. ಒಳಕಿವಿಯ ಸೋಂಕು ಇರಬಹುದು, ಒಳಕಿವಿಗೆ ಹೋಗುವ ರಕ್ತನಾಳವೇ ಕಟ್ಟಿರಲೂಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು. ಕಿವಿಯ ಒಳಗೋ ಸುತ್ತಲೋ ಗುಳ್ಳೆ ಎದ್ದು ಮುಖ ಸೊಟ್ಟಗಾದರೆ ಸರ್ಪಸುತ್ತಿನ ವೈರಸ್ಸಿನ ಕೆಲಸ. ಅದಕ್ಕೆ ವೈರಸ್ ವಿರುದ್ಧದ ಔಷಧಿ ಬೇಗ ಬೀಳಬೇಕು.

ಇನ್ನು ಕತ್ತಿನ ವಿಷಯ. ನಲವತ್ತು ದಾಟಿದ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಅಷ್ಟಿಷ್ಟು ಸವೆತ ಕಾಣುತ್ತದೆ, ನನ್ನದರಲ್ಲೂ ಕಾಣುತ್ತದೆ. ಆ ಸವೆತವನ್ನು ತೋರಿಸಿ ತಲೆಸುತ್ತಿಗೆ ಸ್ಪಾಂಡಿಲೋಸಿಸ್ ಎಂದು ಹೆಸರಿಡುವುದು ನಮ್ಮ ದೇಶದಲ್ಲಿ ರೂಢಿಯಾಗಿಬಿಟ್ಟಿದೆ. ಹೀಗೆ ದಿನಗಟ್ಟಲೆ ಮನೆ ತಿರುಗಿಸುವ ಶಕ್ತಿ ಕತ್ತಿನ ಸವೆತಕ್ಕಿಲ್ಲ. ಕಾಲರ್ ಬರಿಯ ನಿಷ್ಪ್ರಯೋಜಕ ಆಗಿದ್ದರೆ ಬಿಡಬಹುದಿತ್ತು, ಅದರಿಂದ ಹಾನಿಯೇ ಇದೆ. ಈ ಕಾಯಿಲೆ ವಾಸಿಯಾಗಲು ತಲೆ ಅಲ್ಲಾಡಲೇಬೇಕು, ಕಾಲರ್ ಅದನ್ನೇ ತಡೆಯುತ್ತದೆ. ಇವತ್ತೇ ತೆಗೆದು ಕಪಾಟಿನಲ್ಲಿಡಿ.

ಬಲಗಿವಿಯದೇ ದೋಷ ಎಂದು ಖಚಿತಪಡಿಸಿಕೊಳ್ಳಲು ಕೆಲವು ಕಡೆ ಕಿವಿಗೆ ಬೆಚ್ಚಗಿನ ಮತ್ತು ತಣ್ಣಗಿನ ನೀರು ಬಿಟ್ಟು ಕಣ್ಣಿನ ಮಿಡಿತ ಅಳೆಯುತ್ತಾರೆ. ನಿಮಗೂ ಹೇಳಬಹುದು, ಭಯ ಬೇಡ. ಇದರ ಹಿಂದೆ ಒಂದು ಕಥೆಯಿದೆ. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ಕಿವಿಯ ವೈದ್ಯ ರೋಗಿಗಳ ಕಿವಿಯನ್ನು ನೀರು ಹಾಯಿಸಿ ತೊಳೆಯುತ್ತಿದ್ದಾಗ ಅವರು ತಲೆಸುತ್ತು ಎಂದು ದೂರುತ್ತಿದ್ದರು. ನೀರು ತಣ್ಣಗಿದ್ದರೆ ಕಣ್ಣು ಒಂದು ಕಡೆಗೆ ಮಿಡಿಯುತ್ತದೆ, ಬಿಸಿ ಇದ್ದರೆ ಇನ್ನೊಂದು ಕಡೆಗೆ ಎಂಬುದನ್ನು ಅವನು ಗಮನಿಸಿದ. ಒಳಕಿವಿಯ ದ್ರವ ಬಿಸಿಗೆ ಏರುತ್ತದೆ, ತಂಪಿಗೆ ಇಳಿಯುತ್ತದೆ ಎಂದು ತರ್ಕಿಸಿದ. ಈ ಕೆಲಸಕ್ಕೆ 1914ರ ನೊಬೆಲ್ ಪ್ರಶಸ್ತಿ ಬಂದಾಗ ಆತ ರಷ್ಯನ್ನರ ಕೈಯಲ್ಲಿ ಯುದ್ಧಕೈದಿ. ಸ್ವೀಡನ್ನಿನ ರಾಜಕುಮಾರ ನಡುವೆ ಬಂದ ಮೇಲೆ 1916ರಲ್ಲಿ ಬಿಡುಗಡೆಯಾಯಿತು. ಆ ನೀರಿನ ಪರೀಕ್ಷೆ ಒಂದು ಶತಮಾನ ದಾಟಿಯೂ ಬಳಕೆಯಲ್ಲಿದೆ. ಈಗ ರೋಗಿಗೆ ದೊಡ್ಡ ಕನ್ನಡಕದಂಥದ್ದನ್ನು ತೊಡಿಸಿ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ.

ಮಾತ್ರೆಗೆ ಬರೋಣ, ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಪ್ರಶ್ನೆ ಅದು. ಮೊದಲ ಎರಡು ಮೂರು ದಿನ ವಾಂತಿ ನಿಲ್ಲಿಸಲು ಇಂಜೆಕ್ಷನ್ನು, ಸುತ್ತು ತಗ್ಗಿಸಲು ಪ್ರೊಕ್ಲೋರ್‌ಪೆರಜಿನ್ ಅಥವಾ ಸಿನ್ನರಿಜಿನ್ ಮಾತ್ರೆ ಕೊಡುವುದು ನ್ಯಾಯವೇ. ಆ ಹೊತ್ತಿನ ಸಂಕಟ ಅಂಥದ್ದು. ಆಮೇಲೆ ಅವನ್ನು ನಿಲ್ಲಿಸಬೇಕು. ಇವು ನರವನ್ನು ವಾಸಿ ಮಾಡುವ ಔಷಧಿಗಳಲ್ಲ, ಮೆದುಳು ತಲೆಸುತ್ತನ್ನು ಗಮನಿಸದಂತೆ ಮಂಕು ಕವಿಸುವವು. ಗಮನಿಸದ ಮೆದುಳು ಕಲಿಯುವುದಿಲ್ಲ. ಒಂದೇ ನರದ ಸುದ್ದಿಯಿಂದ ಸಂಸಾರ ನಡೆಸುವುದನ್ನು ಅದು ಕಲಿತರೆ ಮಾತ್ರ ಗುಣ. ಆದರೆ ನಮ್ಮಲ್ಲಿ ಆಗುವುದೇನು? ಹಳೇ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದರೆ ಸ್ಟ್ರಿಪ್ಪಿನ ಮೇಲೆ ಸ್ಟ್ರಿಪ್ಪು ಸಿಗುತ್ತದೆ. ವರ್ಷಗಟ್ಟಲೆ ಪ್ರೊಕ್ಲೋರ್‌ಪೆರಜಿನ್ ನುಂಗಿ ಕೈ ನಡುಕ, ನಡಿಗೆ ನಿಧಾನವಾಗಿ ಪಾರ್ಕಿನ್‌ಸನ್ ಕಾಯಿಲೆಯಂತೆಯೇ ಕಾಣುವ ಹಿರಿಯರಿದ್ದಾರೆ. ಔಷಧಿ ಬಿಡಿಸಿದರೆ ಅವರಲ್ಲಿ ಹಲವರು ಚೇತರಿಸಿಕೊಳ್ಳುತ್ತಾರೆ. ಬೆಟಾಹಿಸ್ಟೀನ್ ಅಷ್ಟು ಕೆಡುಕಲ್ಲ, ಮಂಕು ಬರಿಸುವುದೂ ಕಡಿಮೆ. ಆದರೆ ಅದು ಮೆನಿಯೇರ್ ಎಂಬ ಬೇರೊಂದು ಕಿವಿಯ ಕಾಯಿಲೆಗಾಗಿ ಪ್ರಸಿದ್ಧವಾದದ್ದು, ನಿಮ್ಮ ಯಜಮಾನರ ತೊಂದರೆಗೆ ಅದರಿಂದ ದೊಡ್ಡ ಲಾಭ ಇದೆ ಎನ್ನಲು ಗಟ್ಟಿ ಆಧಾರವಿಲ್ಲ. ಮೂರು ವಾರದ ಮೇಲೂ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಮುಂದಿನ ಭೇಟಿಯಲ್ಲಿ 'ಇದನ್ನು ಬಿಡಬಹುದೇ' ಎಂದು ನೀವೇ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅದು ಹಾಗೇ ಮುಂದುವರಿಯುತ್ತದೆ.

ಸ್ಟೀರಾಯ್ಡ್ ಕೊಡಲಿಲ್ಲವೇಕೆ ಎಂದು ನಿಮ್ಮ ಬಂಧುಗಳಲ್ಲಿ ಯಾರಾದರೂ ಕೇಳಬಹುದು. ಜರ್ಮನಿಯಲ್ಲಿ 141 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ, ಮೊದಲ ಮೂರು ದಿನದೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಆರಂಭಿಸಿದವರ ನರ ಒಂದು ವರ್ಷದ ಹೊತ್ತಿಗೆ ಹೆಚ್ಚು ಚೇತರಿಸಿಕೊಂಡಿತ್ತು. ವೈರಸ್ ಕೊಲ್ಲುವ ಔಷಧಿಯಿಂದ ಏನೂ ಉಪಯೋಗ ಕಾಣಲಿಲ್ಲ, ವೈರಸ್ ಕಾರಣ ಎಂಬ ವಾದಕ್ಕೆ ಅದೊಂದು ಮುಜುಗರವೇ. ಆದರೆ ಪರೀಕ್ಷಾಯಂತ್ರದಲ್ಲಿ ನರ ಸುಧಾರಿಸಿದ್ದು ಒಂದು, ರೋಗಿಗೆ ತಾನು ಗುಣವಾದೆ ಅನ್ನಿಸುವುದು ಇನ್ನೊಂದು. ಎರಡನೆಯದರಲ್ಲಿ ಸ್ಟೀರಾಯ್ಡಿನ ಲಾಭ ಇನ್ನೂ ಚರ್ಚೆಯಲ್ಲೇ ಇದೆ. ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯನ್ನು ಗಗನಕ್ಕೇರಿಸುತ್ತದೆ. ನಿಮ್ಮ ವೈದ್ಯರು ತೂಗಿ ನೋಡಿ ಬಿಟ್ಟಿದ್ದರೆ ಸರಿಯಾದ ನಿರ್ಧಾರ. ಈಗ ಮೂರು ವಾರವಾದ ಮೇಲಂತೂ ಅದರ ಮಾತೇ ಬೇಡ.

ಉಳಿದ ಔಷಧಿ ಒಂದೇ, ಚಲನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ, ತಲೆಗೆ ಪೆಟ್ಟು ಬಿದ್ದು ತಲೆಸುತ್ತಿನಿಂದ ನರಳುವ ಸೈನಿಕರಲ್ಲಿ ಓಡಾಡಿಕೊಂಡಿದ್ದವರು ಮಲಗಿದ್ದವರಿಗಿಂತ ಬೇಗ ಚೇತರಿಸುತ್ತಾರೆ ಎಂದು ಕಂಡು ವ್ಯಾಯಾಮಗಳ ಒಂದು ಸರಣಿಯನ್ನೇ ರೂಪಿಸಿದರು. ಇವತ್ತಿನ ಫಿಸಿಯೋಥೆರಪಿ ಅದರ ಪರಿಷ್ಕೃತ ರೂಪ. ಇದರಲ್ಲಿ ಮುಖ್ಯವಾದದ್ದು ಹೀಗಿದೆ: ಒಂದು ವಿಸಿಟಿಂಗ್ ಕಾರ್ಡನ್ನು ತೋಳಳತೆ ದೂರದಲ್ಲಿ ಹಿಡಿದು, ಅದರ ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು, ತಲೆಯನ್ನು ಮಾತ್ರ ಎಡಕ್ಕೆ ಬಲಕ್ಕೆ ಆಡಿಸುವುದು. ಅಕ್ಷರ ಮಸುಕಾಗದಷ್ಟು ವೇಗದಲ್ಲಿ ಆರಂಭಿಸಿ ದಿನದಿನಕ್ಕೆ ವೇಗ ಏರಿಸಬೇಕು. ಆಮೇಲೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ಅದೇ ಅಭ್ಯಾಸ. ದಿನಕ್ಕೆ ಮೂರು ನಾಲ್ಕು ಸಲ, ಒಟ್ಟು ಹನ್ನೆರಡು ನಿಮಿಷಕ್ಕೆ ಕಡಿಮೆಯಾಗದಂತೆ. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ಮಾಡುವಾಗ ಸ್ವಲ್ಪ ತಲೆ ತಿರುಗುತ್ತದೆ, ತಿರುಗಲೇಬೇಕು. ಆ ತಪ್ಪನ್ನು ಕಂಡೇ ಮೆದುಳು ತಿದ್ದಿಕೊಳ್ಳುವುದು. ವಾಂತಿ ಬರುವಷ್ಟು ಮಾತ್ರ ಬೇಡ. ಗೋಡೆಯ ಮೂಲೆಯಲ್ಲಿ, ಮುಂದೆ ಕುರ್ಚಿ ಇಟ್ಟುಕೊಂಡು, ಪಾದ ಜೋಡಿಸಿ ನಿಂತು ಕಣ್ಣು ಮುಚ್ಚುವುದು, ಸೊಸೈಟಿಯ ಕಾಂಪೌಂಡಿನಲ್ಲಿ ತಲೆ ಆ ಕಡೆ ಈ ಕಡೆ ಹೊರಳಿಸುತ್ತ ನಡೆಯುವುದು ಇವೆಲ್ಲ ಬೇರೆ. ಒಮ್ಮೆ ಫಿಸಿಯೋಥೆರಪಿಸ್ಟರ ಎದುರು ಮಾಡಿ ತೋರಿಸಿಕೊಂಡರೆ ಒಳ್ಳೆಯದು. ಖಾಸಗಿಯ ಖರ್ಚು ಬೇಡ ಎಂದರೆ ಸಯನ್, ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲ್‌ನ ನಾಯರ್ ಇವೆಲ್ಲ ಪಾಲಿಕೆಯ ದೊಡ್ಡ ಆಸ್ಪತ್ರೆಗಳು, ಮುಲುಂಡಿನಿಂದ ಸಯನ್ ಹತ್ತಿರ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಳ್ಳಿ.

ಸಿನಿಮಾ ಪುಟ ಓದುವವರಾದರೆ ನಟ ವರುಣ್ ಧವನ್ ನೆನಪಿರಬಹುದು. 2022ರ ನವೆಂಬರಿನಲ್ಲಿ, 'ಭೇಡಿಯಾ' ಬಿಡುಗಡೆಯ ಹೊತ್ತಿಗೆ, ತನಗೆ ವೆಸ್ಟಿಬ್ಯುಲರ್ ಹೈಪೋಫಂಕ್ಷನ್ ಆಗಿ ಸಮತೋಲನ ತಪ್ಪುತ್ತಿತ್ತು ಎಂದು ಮುಂಬಯಿಯ ಒಂದು ಸಭೆಯಲ್ಲಿ ಹೇಳಿದರು. ಅವರದಕ್ಕೆ ಮೂಲ ಏನಿತ್ತೋ ಅವರ ವೈದ್ಯರಿಗೆ ಗೊತ್ತು. ಆ ಹೆಸರಿನ ಅರ್ಥ ಒಳಕಿವಿಯ ಅಥವಾ ಅದರ ನರದ ಶಕ್ತಿ ಕುಂದಿದೆ ಎಂದಷ್ಟೇ, ನಿಮ್ಮ ಯಜಮಾನರಿಗೆ ಈಗ ಉಳಿದಿರುವ ಸ್ಥಿತಿಯೂ ಅದೇ. ಆ ನಟ ಅದರ ನಂತರವೂ ಕುಣಿದಿದ್ದಾರೆ, ಹೊಡೆದಾಡಿದ್ದಾರೆ. ತಾನು ಸುಧಾರಿಸಿದ್ದಕ್ಕೆ ಅವರು ಹೇಳಿಕೊಂಡ ಕಾರಣಗಳಲ್ಲಿ ಫಿಸಿಯೋಥೆರಪಿ, ಈಜು, ಯೋಗ ಇದ್ದವು. ಈಜಿನ ವಿಷಯದಲ್ಲಿ ಮಾತ್ರ ನಿಮ್ಮ ಯಜಮಾನರಿಗೆ ನನ್ನ ಎಚ್ಚರಿಕೆ: ನೀರಿನೊಳಗೆ ಕಣ್ಣಿಗೂ ಕಾಲಿಗೂ ಆಧಾರ ಇಲ್ಲದಾಗ ಮೇಲೆ ಯಾವುದು ಕೆಳಗೆ ಯಾವುದು ಎಂದು ಹೇಳುವುದು ಒಳಕಿವಿ ಮಾತ್ರ. ಪೂರ್ತಿ ಸುಧಾರಿಸುವ ತನಕ ಊರಿನ ಕೆರೆಗೂ ಸಮುದ್ರಕ್ಕೂ ಒಬ್ಬರೇ ಇಳಿಯಬಾರದು.

ಈಗ ನಿಮ್ಮ ಟ್ರೇನು. ಲೋಕಲ್ ಟ್ರೇನಿಗೆ ಅವರು ಹೆದರುವುದು ಮನಸ್ಸಿನ ದೌರ್ಬಲ್ಯ ಅಲ್ಲ. ನಾವು ನೆಟ್ಟಗೆ ನಿಲ್ಲುವುದು ಮೂರರ ಬಲದಿಂದ: ಕಣ್ಣು, ಪಾದ ಮತ್ತು ಕೀಲುಗಳ ಸ್ಪರ್ಶ, ಒಳಕಿವಿ. ಒಳಕಿವಿ ಒಂದು ಕಡೆ ಸೋತಾಗ ಮನುಷ್ಯ ಕಣ್ಣು ಕಾಲುಗಳಿಗೆ ಜೋತುಬೀಳುತ್ತಾನೆ. ಓಡುವ ಲೋಕಲ್ಲಿನಲ್ಲಿ ಕಾಲಡಿಯ ನೆಲವೇ ತೊಯ್ದಾಡುತ್ತದೆ, ಕಿಟಕಿಯಾಚೆ ಕಂಬಗಳು ಹಾಯುತ್ತವೆ, ಎದುರು ಹಳಿಯಲ್ಲಿ ಇನ್ನೊಂದು ಗಾಡಿ ಹೊರಟರೆ ನಾವೇ ಹಿಂದೆ ಸರಿದಂತಾಗುತ್ತದೆ. ಉಳಿದ ಎರಡು ಆಧಾರಗಳೂ ಒಟ್ಟಿಗೆ ಅಲುಗಾಡುವ ಜಾಗ ಅದು. ಹಾಗೆಂದು ಟ್ರೇನನ್ನೇ ಬಿಟ್ಟು ರಿಕ್ಷಾ, ಟ್ಯಾಕ್ಸಿ ಹಿಡಿದು ತಿಂಗಳುಗಟ್ಟಲೆ ಓಡಾಡುವುದನ್ನು ನಾನು ಒಪ್ಪುವುದಿಲ್ಲ. ಮುಂಬಯಿಯ ಲೋಕಲ್ಲೇ ಅವರ ವ್ಯಾಯಾಮಶಾಲೆ ಆಗಬಹುದು, ಹಂತ ಹಂತವಾಗಿ ಹೋದರೆ.

ಮೊದಲ ವಾರ ಮಧ್ಯಾಹ್ನ ಹನ್ನೆರಡರ ಮೇಲೆ, ಜನ ಕಡಿಮೆ ಇರುವಾಗ, ನೀವು ಜೊತೆಗಿದ್ದು ಸ್ಲೋ ಗಾಡಿಯಲ್ಲಿ ಎರಡು ಮೂರು ಸ್ಟೇಷನ್ ಹೋಗಿ ಬನ್ನಿ. ಗಾಡಿ ಓಡುವ ದಿಕ್ಕಿಗೆ ಮುಖ ಮಾಡಿ ಕೂರಲಿ. ಹತ್ತಿರದ ಕಂಬಗಳನ್ನು ಬಿಟ್ಟು ದೂರದ ಕಟ್ಟಡಗಳನ್ನು ನೋಡಲಿ. ಮೊಬೈಲ್ ಜೇಬಿನಲ್ಲಿರಲಿ. ಇದು ಸಲೀಸಾದ ಮೇಲೆ ಕಂಬಿ ಹಿಡಿದು ನಿಲ್ಲುವುದು, ಆಮೇಲೆ ಘಾಟ್ಕೋಪರ್, ಕುರ್ಲಾ ದಾಟಿ ದಾದರ್, ಕೊನೆಗೆ ಸಿಎಸ್‌ಎಂಟಿ. ಬೆಳಗಿನ ಒಂಬತ್ತರ ಫಾಸ್ಟ್ ಗಾಡಿ ಎಲ್ಲಕ್ಕಿಂತ ಕೊನೆಗೆ. ಬಾಗಿಲಲ್ಲಿ ನಿಲ್ಲುವ ಚಾಳಿ ಇದ್ದರೆ ಅದನ್ನು ಈ ಜನ್ಮಕ್ಕೆ ಬಿಡಿಸಿ. ಫುಟ್‌ಓವರ್ ಬ್ರಿಜ್ಜಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಕಷ್ಟ. ಗದ್ದಲದ ನಡುವೆ ಸಿಕ್ಕಿಕೊಳ್ಳದೆ ರೇಲಿಂಗಿನ ಬದಿಗೇ ಇರಲಿ, ಹಿಂದಿನಿಂದ ಯಾರೋ ಕರೆದರೆಂದು ಫಕ್ಕನೆ ತಿರುಗದಿರಲಿ. ಸ್ಕೂಟರ್, ಕಾರು ಸದ್ಯಕ್ಕೆ ಬೇಡ. ತಲೆ ಬೇಗ ಹೊರಳಿಸಿದಾಗಲೂ ಎದುರಿನ ಬೋರ್ಡು ಸ್ಪಷ್ಟ ಓದಲು ಬಂದ ಮೇಲೆ, ವೈದ್ಯರನ್ನು ಕೇಳಿ ಶುರು ಮಾಡಲಿ.

ಟ್ರೇನಿಗಿಂತ ನನಗೆ ಹೆಚ್ಚು ಹೆದರಿಕೆ ನಿಮ್ಮ ಬಚ್ಚಲುಮನೆಯದು. ತಲೆಗೆ ನೀರು ಹುಯ್ದುಕೊಳ್ಳುವಾಗ, ಸೋಪು ಹಚ್ಚುವಾಗ ಕಣ್ಣು ಮುಚ್ಚುತ್ತೇವೆ, ನೆಲ ಒದ್ದೆ, ತಲೆ ಬಗ್ಗಿರುತ್ತದೆ. ಈ ಕಾಯಿಲೆಯವರು ಬೀಳುವುದು ಅಲ್ಲೇ. ಇನ್ನೂ ಕೆಲವು ವಾರ ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ದೀಪ ಉರಿಯುತ್ತಿರಲಿ. ಗಣಪತಿಯ ಅಲಂಕಾರಕ್ಕೆಂದು ಮಾಳಿಗೆಯ ಸಾಮಾನು ಇಳಿಸಲು ಏಣಿ ಹತ್ತುವ ಕೆಲಸ ಈ ವರ್ಷ ಬೇರೆ ಯಾರಿಗಾದರೂ ಒಪ್ಪಿಸಿ.

ಮತ್ತೆ ಬರುತ್ತದೆಯೇ? ಇದೇ ಕಾಯಿಲೆ ಮರುಕಳಿಸುವುದು ಅಪರೂಪ. ಹೆಚ್ಚಿನವರು ಕೆಲವೇ ವಾರಗಳಿಂದ ಮೂರು ತಿಂಗಳೊಳಗೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ನರ ಪೂರ್ತಿ ಎದ್ದು ಕೂರದಿದ್ದರೂ ಮೆದುಳು ಹೊಂದಿಸಿಕೊಂಡಿರುತ್ತದೆ. ಆದ್ದರಿಂದ ತಲೆಸುತ್ತು ಮತ್ತೆ ಬಂದರೆ ನ್ಯೂರೈಟಿಸ್ ತಿರುಗಿ ಬಂತು ಎಂದುಕೊಳ್ಳುವ ಬದಲು ಬೇರೆ ಏನೋ ಇರಬೇಕು ಎಂದು ಯೋಚಿಸಬೇಕು. ನ್ಯೂರೈಟಿಸ್ ಆದ ನೂರರಲ್ಲಿ ಹತ್ತು ಹದಿನೈದು ಜನಕ್ಕೆ ಮುಂದಿನ ವಾರಗಳಲ್ಲಿ ಅದೇ ಕಿವಿಯ ಒಳಗಿರುವ ಸಣ್ಣ ಹರಳು ತನ್ನ ಜಾಗ ಬಿಟ್ಟು ಜಾರುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಅಟ್ಟ ನೋಡಿದಾಗ ಅರ್ಧ ನಿಮಿಷ ಜೋರಾಗಿ ತಿರುಗಿ ನಿಂತುಬಿಡುವುದು ಅದರ ಗುರುತು. ಅದಕ್ಕೆ ಮಾತ್ರೆಯೇ ಬೇಡ. ಅಮೆರಿಕದ ಜಾನ್ ಎಪ್ಲಿ ಕಂಡುಹಿಡಿದ ಕ್ರಮದಲ್ಲಿ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಜಾರಿಸುತ್ತಾರೆ, ಕೆಲವೇ ನಿಮಿಷದ ಕೆಲಸ. ಗಂಟೆಗಟ್ಟಲೆ ತಿರುಗಿ, ಕಿವಿ ಗುಂಯ್‌ಗುಟ್ಟಿ, ಕೇಳುವುದು ಮಂದವಾಗುತ್ತಿದ್ದರೆ ಮೆನಿಯೇರ್. ತಲೆನೋವು, ಬೆಳಕು ಸಹಿಸಲಾಗದಿರುವುದು ಕೂಡಿದ್ದರೆ ಮೈಗ್ರೇನಿನ ಬಗೆ. ದಿನಕ್ಕೆ ಎಷ್ಟೋ ಸಲ ಕೆಲವೇ ಸೆಕೆಂಡು ತಿರುಗಿ ಬಿಡುತ್ತಿದ್ದರೆ ರಕ್ತನಾಳವೊಂದು ಆ ನರವನ್ನು ಒತ್ತುತ್ತಿರಬಹುದು, ಅದಕ್ಕೆ ಫಿಟ್ಸಿನ ಮಾತ್ರೆ ಕೆಲಸ ಮಾಡುತ್ತದೆ. ಹೀಗಾಗಿ ಅವರಿಗೆ ಮತ್ತೆ ಏನಾದರೂ ಆದರೆ ಎಷ್ಟು ಹೊತ್ತು ತಿರುಗಿತು, ಏನು ಮಾಡುತ್ತಿದ್ದಾಗ ಎಂಬೆರಡನ್ನು ಬರೆದಿಡಿ. ಆ ಹೊತ್ತಿನಲ್ಲಿ ಅವರ ಕಣ್ಣನ್ನು ನಿಮ್ಮ ಮೊಬೈಲಿನಲ್ಲಿ ಹತ್ತಿರದಿಂದ ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ವೈದ್ಯರಿಗೆ ಅದು ಹತ್ತು ರಿಪೋರ್ಟಿಗಿಂತ ಹೆಚ್ಚು.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಮುಖ ವಾಲಿದರೆ, ಕೈ ಕಾಲು ಜೋಮು ಹಿಡಿದರೆ, ಹಿಂದೆಂದೂ ಇಲ್ಲದ ತಲೆನೋವೋ ಕತ್ತುನೋವೋ ಬಂದರೆ, ಆಧಾರವಿಲ್ಲದೆ ಕೂರಲೂ ಆಗದಿದ್ದರೆ ಯಾರನ್ನೂ ಕೇಳದೆ 108ಕ್ಕೆ ಫೋನ್ ಮಾಡಿ. ಕಿವಿಯ ಹಳೇ ಕಾಯಿಲೆ ಇದ್ದವರಿಗೂ ಪಾರ್ಶ್ವವಾಯು ಬರಬಾರದೆಂದೇನಿಲ್ಲ, ಅವರ ಸಕ್ಕರೆ ಹತೋಟಿಯಲ್ಲಿರಬೇಕು ಎಂದು ನಾನು ಪಟ್ಟು ಹಿಡಿಯುವುದು ಆ ಕಾರಣಕ್ಕೆ.

ಒಂದು ಸಣ್ಣ ಗುಂಪಿಗೆ ತಿರುಗುವುದು ನಿಂತು ತಿಂಗಳುಗಳು ಕಳೆದರೂ ತೇಲಿದಂತೆ, ದೋಣಿಯಲ್ಲಿ ನಿಂತಂತೆ ಅನಿಸುತ್ತಲೇ ಇರುತ್ತದೆ. ಮಾಲಿನ ಬೆಳಕು, ದಾದರ್ ಬ್ರಿಜ್ಜಿನ ಜನಜಂಗುಳಿ ಕಂಡರೆ ಹೆಚ್ಚಾಗುತ್ತದೆ. ಪರೀಕ್ಷೆಗಳೆಲ್ಲ ಸರಿ ಇರುತ್ತವೆ, ಮನೆ ಮಂದಿ ನಾಟಕ ಎಂದುಬಿಡುತ್ತಾರೆ. ನಾಟಕವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಸ್ವಂತ ಸ್ಥಾನವಿದೆ. ಮೂರು ತಿಂಗಳು ದಾಟಿಯೂ ಹೀಗಿದ್ದರೆ ನರರೋಗ ತಜ್ಞರನ್ನು ಕಾಣಿ, ವ್ಯಾಯಾಮದ ಜೊತೆಗೆ ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಅದರಲ್ಲಿ ನೆರವಾಗುತ್ತವೆ. ಮೊದಲ ತಿಂಗಳಲ್ಲೇ ಹಾಸಿಗೆ ಬಿಟ್ಟು ಎದ್ದವರಿಗೆ ಈ ಪಾಡು ಕಡಿಮೆ.

ಮತ್ಸ್ಯಗಂಧದ ಟಿಕೇಟು ರದ್ದು ಮಾಡಬೇಡಿ. ಚೌತಿಯ ಹೊತ್ತಿಗೆ ಅವರಿಗೆ ಪ್ರಯಾಣ ಮಾಡುವಷ್ಟು ಚೇತರಿಕೆ ಬಂದಿರುತ್ತದೆ. ಕೆಳಗಿನ ಬರ್ತ್ ಇಲ್ಲದಿದ್ದರೆ ಟಿಟಿಇ ಹತ್ತಿರವೋ ಎದುರಿನವರ ಹತ್ತಿರವೋ ಕೇಳಿ ಬದಲಿಸಿಕೊಳ್ಳಿ, ಓಡುವ ಗಾಡಿಯಲ್ಲಿ ಕತ್ತಲಲ್ಲಿ ಮೇಲಿನ ಬರ್ತಿನಿಂದ ಇಳಿಯುವುದು ಅವರಿಗಿನ್ನೂ ಸರಿಯಲ್ಲ. ರಾತ್ರಿ ಟಾಯ್ಲೆಟ್ಟಿಗೆ ಹೋಗುವಾಗ ನೀವು ಜೊತೆಗೆ ಹೋಗಿ. ಕೊಂಕಣದ ಸುರಂಗಗಳಲ್ಲಿ ಬೆಳಕು ಹೋಗಿ ಬಂದು ಆಗುವಾಗ ಕಸಿವಿಸಿ ಆದರೆ ಕಿಟಕಿಯ ಪರದೆ ಎಳೆದು, ಎದುರಿನ ಸೀಟಿನ ಅಂಚನ್ನು ನೋಡುತ್ತ ಕೂರಲಿ. ವಾಂತಿಯ ಮಾತ್ರೆ ಎರಡು ಚೀಲದಲ್ಲಿರಲಿ, ಮುಂಜಾಗ್ರತೆಗೆಂದು ನುಂಗಿ ಹೊರಡುವುದು ಬೇಡ. ಊರಲ್ಲಿ ಇಳಿದ ಮೇಲೆ ಒಂದು ದಿನ ನೆಲ ತೂಗಿದಂತೆ ಅನಿಸಬಹುದು, ಗದ್ದೆಯ ಬದುವಿನ ಮೇಲೆ ನಡೆಯುವ ಸಾಹಸವನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಲಿ, ಕೈಯಲ್ಲೊಂದು ಕೋಲು ಹಿಡಿದು.